ಶಿವರಾತ್ರಿ ಕಳೆದರೂ ಹೋಗದ ಚಳಿ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಿನೆಸೋಟದ ಚಳಿಗೆ ಆ ಮಾತು ಯಾರೂ ಹೇಳಿಕೊಟ್ಟಿಲ್ಲ. ಇಲ್ಲಿ ಶಿವರಾತ್ರಿ ಬಂದು ಹೋಗುತ್ತದೆ, ಹೋಳಿಯೂ ಹೋಗುತ್ತದೆ, ರಸ್ತೆ ಪಕ್ಕದ ಹಿಮದ ರಾಶಿ ಮಾತ್ರ ಕಪ್ಪಾಗಿ, ಗಟ್ಟಿಯಾಗಿ ಕೂತೇ ಇರುತ್ತದೆ. 2018ರಲ್ಲಿ ಯುಗಾದಿಯ ಬೇವು-ಬೆಲ್ಲ ತಿಂದು ತಿಂಗಳಾಗುತ್ತ ಬಂದಾಗ, ಏಪ್ರಿಲ್ ಮಧ್ಯದಲ್ಲಿ, ಮಿನಿಯಾಪೊಲಿಸ್‌ನಲ್ಲಿ ಸುಮಾರು 15 ಇಂಚು ಹಿಮ ಬಿತ್ತು. ಊರಿನಿಂದ ಫೋನ್ ಮಾಡಿದವರು ಮಾವಿನಕಾಯಿಯ ಸುದ್ದಿ ಹೇಳುತ್ತಿದ್ದರೆ ನಾವು ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದೆವು.

ನಾನು ಇಲ್ಲಿನ ಒಂದು ಎಲಿಮೆಂಟರಿ ಸ್ಕೂಲಿನಲ್ಲಿ ಪ್ಯಾರಾ. ಅಂದರೆ ಟೀಚರ್ ಅಲ್ಲ, ಟೀಚರಿಗೆ ಒತ್ತಾಸೆಯಾಗಿ ಇರುವವಳು. ಊಟದ ಹಾಲ್, ರಿಸೆಸ್, ಬಸ್ಸಿನ ಸಾಲು, ಓದಲು ಕಷ್ಟಪಡುವ ನಾಲ್ಕು ಮಕ್ಕಳ ಗುಂಪು, ಹೀಗೆ ಎಲ್ಲಿ ಕೈ ಬೇಕೋ ಅಲ್ಲಿ. ಶಾಲೆಯ ವರ್ಷದಲ್ಲಿ ಯಾವ ಕಾಲ ಕಷ್ಟದ್ದು ಎಂದು ಹೊರಗಿನವರನ್ನು ಕೇಳಿದರೆ ಡಿಸೆಂಬರ್, ಜನವರಿ ಅನ್ನುತ್ತಾರೆ. ಒಳಗಿರುವವರು ಹೇಳುವುದು ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯವರೆಗಿನ ಕಾಲ.

ಲೆಕ್ಕ ಹಾಕಿದರೆ ಇದು ವಿಚಿತ್ರವೇ. ಮಿನಿಯಾಪೊಲಿಸ್ ಇರುವುದು 45ನೇ ಅಕ್ಷಾಂಶದ ಹತ್ತಿರ. ಡಿಸೆಂಬರ್ 21ರಂದು ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ. ಫೆಬ್ರವರಿ ಮುಗಿಯುವ ಹೊತ್ತಿಗೆ ಅದು ಹನ್ನೊಂದು ಗಂಟೆಗೆ ಏರಿರುತ್ತದೆ. ಬೆಳಕು ಹೆಚ್ಚುತ್ತಿದೆ, ಮನಸ್ಸು ಮಾತ್ರ ಏಳುತ್ತಿಲ್ಲ. ಡಿಸೆಂಬರಿನ ಕತ್ತಲೆಯಲ್ಲಿ ಹಬ್ಬವಿದೆ, ದೀಪವಿದೆ, ಎರಡು ವಾರದ ರಜೆಯಿದೆ. ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಸೋಮವಾರ, ಫೆಬ್ರವರಿಯಲ್ಲಿ ಅಧ್ಯಕ್ಷರ ಹೆಸರಿನ ಸೋಮವಾರ ರಜೆ. ಅಲ್ಲಿಂದ ವಸಂತದ ರಜೆಯವರೆಗೆ ಬರೀ ಬಯಲು. ಸಾಲದ್ದಕ್ಕೆ ಮಾರ್ಚಿನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತಾರೆ. ಆಗ ತಾನೇ ಬೆಳಗಾಗತೊಡಗಿದ್ದ ಬಸ್ ಸ್ಟಾಪು ಸೋಮವಾರ ಮತ್ತೆ ಕತ್ತಲು.

ಚಳಿಗಾಲದ ಈ ಕುಗ್ಗುವಿಕೆಗೆ ವೈದ್ಯಕೀಯದಲ್ಲಿ ಒಂದು ಜಾಗ ಕೊಡಿಸಿದವರು ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು, 1984ರಲ್ಲಿ. ಬಿಸಿಲಿನ ಜೋಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕಿಗೆ ಬಂದ ಅವರು ಅಲ್ಲಿನ ಚಳಿಗಾಲದಲ್ಲಿ ತಮ್ಮಲ್ಲೇ ಆದ ಬದಲಾವಣೆಯನ್ನು ಗಮನಿಸಿದ್ದರು. ಬಿಸಿಲ ನಾಡಿನಿಂದ ಬಂದವರಿಗೇ ಇದು ಕಣ್ಣಿಗೆ ಬಿದ್ದದ್ದು ನನಗೇನೂ ಆಶ್ಚರ್ಯವಲ್ಲ. ಹುಟ್ಟಿನಿಂದ ಇಲ್ಲಿರುವವರು "ಇದೆಲ್ಲ ಇದ್ದದ್ದೇ" ಎಂದು ಸುಮ್ಮನಿರುತ್ತಾರೆ. ನಮ್ಮ ಶಾಲೆಯ ಕೌನ್ಸೆಲರ್ ಕೋಣೆಯಲ್ಲಿ ಈ ಕುಗ್ಗುವಿಕೆಗೆಂದೇ ಇಟ್ಟ 10,000 ಲಕ್ಸ್ ಬೆಳಕಿನ ದೀಪವೊಂದಿದೆ. ಬೆಳಿಗ್ಗೆ ಟೀಚರುಗಳು ಕಾಫಿ ಹಿಡಿದು ಅದರ ಮುಂದೆ ಕೂತು ಹೋಗುತ್ತಾರೆ. ಒಬ್ಬಿಬ್ಬರು ದಿನಾ ಬರುತ್ತಾರೆ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಆದರೆ ಟೀಚರುಗಳ ದಣಿವಿಗೆಲ್ಲ ಕತ್ತಲೆಯೇ ಕಾರಣವಲ್ಲ. ಕಿಂಡರ್‌ಗಾರ್ಟನ್ ಮಕ್ಕಳನ್ನು ರಿಸೆಸ್‌ಗೆ ಹೊರಡಿಸುವುದನ್ನು ಒಮ್ಮೆ ನೋಡಬೇಕು. ಮೊದಲು ಸ್ನೋ ಪ್ಯಾಂಟ್, ಆಮೇಲೆ ಬೂಟು, ಆಮೇಲೆ ಜಾಕೆಟ್, ಟೋಪಿ, ಎಲ್ಲಕ್ಕಿಂತ ಕೊನೆಗೆ ಮಿಟನ್. ಈ ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು. ಬೂಟು ಮೊದಲು ಹಾಕಿದ ಮಗುವಿಗೆ ಸ್ನೋ ಪ್ಯಾಂಟ್ ಏರುವುದಿಲ್ಲ, ಮಿಟನ್ ಮೊದಲು ಹಾಕಿದ ಮಗುವಿಗೆ ಜಿಪ್ ಸಿಗುವುದಿಲ್ಲ. ಇಪ್ಪತ್ತು ಮಕ್ಕಳು, ನಲವತ್ತು ಬೂಟು, ಇಬ್ಬರು ದೊಡ್ಡವರು. ಎಲ್ಲರ ಜಿಪ್ ಏರಿಸಿ ಬಾಗಿಲ ಬಳಿ ಸಾಲು ನಿಲ್ಲಿಸಿದಾಗ ಒಂದು ಸಣ್ಣ ದನಿ ಬಾತ್‌ರೂಮಿಗೆ ಹೋಗಬೇಕು ಅನ್ನುತ್ತದೆ. ಒಂದು ದನಿ ಎದ್ದರೆ ಹಿಂದೆಯೇ ಇನ್ನೂ ಮೂರು ಏಳುತ್ತವೆ. ಹೊರಗೆ ಕಳೆಯುವ ಹೊತ್ತಿಗಿಂತ ಹೊರಡುವ ಹೊತ್ತೇ ಹೆಚ್ಚು. ಅಕ್ಟೋಬರಿನಲ್ಲಿ ಇದು ಮೋಜು. ಮಾರ್ಚಿನಲ್ಲಿ, ಅದೇ ಒದ್ದೆ ಮಿಟನ್ನುಗಳನ್ನು ಮತ್ತೆ ಹೀಟರ್ ಮೇಲೆ ಸಾಲಾಗಿ ಒಣಗಿಸುವಾಗ, ಯಾರಿಗೂ ನಗು ಬರುವುದಿಲ್ಲ.

ಹೊರಗೆ ಬಿಡಲಾಗದ ದಿನ ಇನ್ನೂ ಕಷ್ಟ. ಎಷ್ಟು ಚಳಿಗೆ ಮಕ್ಕಳನ್ನು ಒಳಗಿಡಬೇಕು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಲೆಕ್ಕ. ನಮ್ಮಲ್ಲಿ ಗಾಳಿಯ ಕೊರೆತವೂ ಸೇರಿ ಸೊನ್ನೆ ಫ್ಯಾರನ್‌ಹೀಟ್‌ಗಿಂತ, ಅಂದರೆ ಮೈನಸ್ 18 ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇನ್‌ಡೋರ್ ರಿಸೆಸ್. ಟೀಚರಿಗೆ ಊಟಕ್ಕೂ ಬಾತ್‌ರೂಮಿಗೂ ಸಿಗುವ ಬಿಡುವು ರಿಸೆಸ್ ಹೊತ್ತಿನದೇ. ಮಕ್ಕಳು ಕ್ಲಾಸಿನಲ್ಲೇ ಉಳಿದರೆ ಆ ಬಿಡುವು ಹೋಯಿತು. ಮೈದಾನದಲ್ಲಿ ಇಬ್ಬರು ನೋಡಿಕೊಳ್ಳುತ್ತಿದ್ದ ಮಕ್ಕಳನ್ನು ಈಗ ನಾಲ್ಕು ಕೋಣೆಗಳಲ್ಲಿ ನೋಡಬೇಕು. ಪರದೆಯ ಮೇಲೆ ಗೋನೂಡಲ್ ಎಂಬ ಕುಣಿತದ ವಿಡಿಯೋ ಹಾಕಿ ಕುಣಿಸುತ್ತೇವೆ. ಮೂರನೇ ದಿನಕ್ಕೆ ಲೆಗೋ ತುಂಡಿಗಾಗಿ ಜಗಳ, ಅಳು, ಕೌನ್ಸೆಲರ್ ಬಾಗಿಲ ಮುಂದೆ ಸಾಲು. ಆ ವಾರವೇ ಹೊಟ್ಟೆಯ ವೈರಸ್ ಹಬ್ಬಿದರಂತೂ ಮುಗಿಯಿತು. ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಜಗ್ಗುವುದಿಲ್ಲ, ಸೋಪು ನೀರಿನಲ್ಲೇ ಕೈ ತೊಳೆಸಬೇಕು. ಆ ಕೆಲಸಕ್ಕೆ ನಿಂತ ಟೀಚರೇ ಮರುದಿನ ಮಲಗುತ್ತಾರೆ. ಬದಲಿಗೆ ಬರಬೇಕಾದ ಸಬ್ ಸಿಗುವುದಿಲ್ಲ. ಆಗ ಸಂಗೀತದ ಟೀಚರ್ ಗಣಿತಕ್ಕೆ, ನಾನು ಎಲ್ಲದಕ್ಕೆ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಆಕ್ಸೆಸ್ ಪರೀಕ್ಷೆ ನಡೆಯುವುದೂ ಇದೇ ತಿಂಗಳುಗಳಲ್ಲಿ.

ಇಂಥದ್ದೇ ಒಂದು ವಾರದಲ್ಲಿ ಮೈಸೂರಿನಿಂದ ಹೊಸದಾಗಿ ಬಂದ ಎರಡನೇ ಕ್ಲಾಸಿನ ಹುಡುಗ ಊಟದ ಮೇಜಿನಿಂದ ನನ್ನ ಕಡೆ ತಿರುಗಿ, "ಆಂಟಿ, ಇವ್ರು ನಮ್ಮನ್ನ ಹೊರಗೆ ಬಿಡೋದು ಯಾವಾಗ?" ಎಂದು ಕನ್ನಡದಲ್ಲೇ ಕೇಳಿದ. ಅಕ್ಕಪಕ್ಕದವರಿಗೆ ಅರ್ಥವಾಗಿದ್ದು ಮೊದಲ ಪದ ಒಂದೇ. ಅಂದಿನಿಂದ ಆ ಮೇಜಿಗೆಲ್ಲ ನಾನು ಆಂಟಿ.

ಇಂಥ ದಿನಗಳಲ್ಲಿ ಸಿಬ್ಬಂದಿಯನ್ನು ಹುರಿದುಂಬಿಸಲು ಶಾಲೆಗಳು ಏನೇನೋ ಮಾಡುತ್ತವೆ. ಲೌಂಜಿನಲ್ಲಿ ಡೋನಟ್ ಡಬ್ಬ ಇಡುತ್ತಾರೆ. ಶುಕ್ರವಾರ ಜೀನ್ಸ್ ಹಾಕಿಕೊಳ್ಳಲು ಅನುಮತಿ ಕೊಡುತ್ತಾರೆ, ಅದೂ ಒಂದು ಬಹುಮಾನ! ಮನಸ್ಸಿನ ಆರೈಕೆ ಮಾಡಿಕೊಳ್ಳಿ ಎಂದು ಉದ್ದನೆಯ ಇಮೇಲ್ ಬರುತ್ತದೆ, ಅದನ್ನು ಓದಲು ಪುರಸೊತ್ತಿರುವುದಿಲ್ಲ. ಡೋನಟ್ ನಾನೂ ತಿನ್ನುತ್ತೇನೆ, ದೂರೇನಿಲ್ಲ. ಆದರೆ ಟೀಚರುಗಳ ಮುಖ ಅರಳಿದ್ದನ್ನು ನಾನು ಕಂಡದ್ದು ಬೇರೆ ಹೊತ್ತಿನಲ್ಲಿ. ಪ್ರಿನ್ಸಿಪಾಲರು ಸಂಜೆಯ ಮೀಟಿಂಗ್ ರದ್ದು ಮಾಡಿದಾಗ, ಅಥವಾ ತಾವೇ ಕ್ಲಾಸಿಗೆ ಬಂದು "ನೀವು ಹೋಗಿ, ಇಪ್ಪತ್ತು ನಿಮಿಷ ನಾನು ಕಥೆ ಓದುತ್ತೇನೆ" ಅಂದಾಗ. ದಣಿದವರಿಗೆ ಬೇಕಿರುವುದು ಹೊಗಳಿಕೆಯಲ್ಲ, ಕೈಯಲ್ಲಿರುವ ಕೆಲಸದಲ್ಲಿ ಒಂದನ್ನು ಯಾರಾದರೂ ಇಸಿದುಕೊಳ್ಳುವುದು. ಸೂರ್ಯ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಬಂದು ಮೆಟ್ಟಿಲಿಗೆ ಉಪ್ಪು ಚೆಲ್ಲುವ, ಬೂಟುಗಳು ಒಳತಂದ ಅದೇ ಉಪ್ಪಿನ ಬಿಳಿ ಕಲೆಯನ್ನು ಸಂಜೆಯವರೆಗೆ ಒರೆಸುವ ಕಸ್ಟೋಡಿಯನ್‌ಗೂ ಅಷ್ಟೆ.

ಇಲ್ಲಿಯೇ ನಮ್ಮ ಕನ್ನಡ ಕೂಟದವರಿಗೆ ನನ್ನದೊಂದು ಕೋರಿಕೆ. ನಾವು ಕೊಡುಗೈಯವರು, ಆದರೆ ಎಲ್ಲವನ್ನೂ ಡಿಸೆಂಬರಿನಲ್ಲಿ ಕೊಟ್ಟು ಮುಗಿಸುತ್ತೇವೆ. ಟೀಚರಿಗೆ ಗಿಫ್ಟ್ ಕಾರ್ಡ್, ಶಾಲೆಗೆ ಟೋಪಿ, ಮಿಟನ್. ಫೆಬ್ರವರಿಯ ಹೊತ್ತಿಗೆ ಪ್ರತಿ ಜೊತೆಯಲ್ಲೂ ಒಂದು ಕಳೆದಿರುತ್ತದೆ. ಅಂಗಡಿಗೆ ಹೋದರೆ ಅಲ್ಲಿ ಆಗಲೇ ಈಜುಡುಗೆ ನೇತು ಹಾಕಿರುತ್ತಾರೆ. ಆದ್ದರಿಂದ ಜನವರಿ ಕೊನೆಯಲ್ಲಿ ಉಳಿದ ಮಿಟನ್ನುಗಳು ಅಗ್ಗಕ್ಕೆ ಸಿಗುವಾಗಲೇ ಕೊಂಡಿಟ್ಟು ಫೆಬ್ರವರಿಯಲ್ಲಿ ತಂದುಕೊಡಿ. ಜೊತೆಗೆ ಒಣ ಕಾಲುಚೀಲ, ಅದು ಎಷ್ಟಿದ್ದರೂ ಬೇಕು. ಊಟದ ಚಿಂತೆ ಬೇಡ. ಮಿನೆಸೋಟದ ಶಾಲೆಗಳಲ್ಲಿ 2023ರ ಕಾನೂನಿನಿಂದಾಗಿ ಮಕ್ಕಳಿಗೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ.

ಅದಕ್ಕಿಂತ ಹೆಚ್ಚಾಗಿ, ವಾರಕ್ಕೆ ಒಂದು ಗಂಟೆ ನೀವೇ ಬನ್ನಿ. ಎಚ್-4 ವೀಸಾದಲ್ಲಿ ಮನೆಯಲ್ಲೇ ಕೂತು ಬೇಸತ್ತ ಎಷ್ಟೋ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ಸಂಬಳವಿಲ್ಲದ ಈ ಸೇವೆಗೆ ಕೆಲಸದ ಪರವಾನಗಿ ಬೇಕಿಲ್ಲ. ನಿವೃತ್ತರಾದ ಹಿರಿಯರೂ ಇದ್ದಾರೆ. ಮಕ್ಕಳ ಜಿಪ್ ಏರಿಸಲು ಇಂಗ್ಲಿಷ್ ಚೆನ್ನಾಗಿ ಬರಲೇಬೇಕೆಂದಿಲ್ಲ. ಅರ್ಜಿ ಶಾಲೆಯ ಆಫೀಸಿನಲ್ಲೇ ಸಿಗುತ್ತದೆ. ಮಕ್ಕಳ ನಡುವೆ ಬಿಡುವ ಮುಂಚೆ ನಿಮ್ಮ ಪೂರ್ವಾಪರ ವಿಚಾರಿಸುತ್ತಾರೆ, ಅದಕ್ಕೆ ಒಂದೆರಡು ವಾರ ಹಿಡಿಯಬಹುದು. ಹಾಗಾಗಿ ಸಂಕ್ರಾಂತಿಯ ಹೊತ್ತಿಗೇ ಅರ್ಜಿ ಕೊಟ್ಟುಬಿಡಿ.