ವಾರದ ಹೆಸರು, ನಡೆಯ ಫಲ



ಏಳು ವಾರಗಳು ಏಳು ಗ್ರಹಗಳ ಹೆಸರು ಹೊತ್ತಿವೆ. ಯಾದಗಿರಿ ಜಿಲ್ಲೆಯ ಕೊಂಕಲ್ ಸೀಮೆಯ ಆಡುಮಾತಿನಲ್ಲಿ ಆದಿತ್ಯವಾರ 'ಐತಾರ' ಆಯಿತು, ಬೃಹಸ್ಪತಿವಾರ 'ಬೇಸ್ತಾರ' ಆಯಿತು. ಹೆಸರು ಸವೆದರೂ ಭಕ್ತಿ ಸವೆಯಲಿಲ್ಲ.

ಐತಾರ ಮೈಲಾಪುರ ಬೆಟ್ಟದ ಮಲ್ಲಯ್ಯನ ವಾರ. ಸೋಮವಾರ ಶಿವನ ವಾರ. ಅಂದು ನೇಮಸ್ಥ ಒಕ್ಕಲಿಗರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ದುಡಿಯುವ ಬಸವಣ್ಣನಿಗೂ ವಿಶ್ರಾಂತಿ ಬೇಕಲ್ಲವೇ? ಈ ನೇಮದ ತಿರುಳು ದಯೆ.

ಆದರೆ ಮನುಷ್ಯ ತಿರುಳು ಬಿಟ್ಟು ಸಿಪ್ಪೆ ಹಿಡಿದ. ಮಂಗಳ ಎಂದರೆ ಶುಭ. ಆ ಹೆಸರಿನ ದಿನವೇ ಶುಭಕಾರ್ಯಕ್ಕೆ ಬ್ಯಾಡ ಎಂದ. ಶುಕ್ರವಾರ ಬಂದರೆ 'ಲಕ್ಷ್ಮಿ ಮನಿ ಬಿಟ್ಟು ಹೋಗ್ತಾಳ' ಎಂದು ಕೂಲಿಯವಳ ರೊಕ್ಕ ಹಿಡಿದ. ಆ ಲಕ್ಷ್ಮಿ ಅವಳ ಮನೆಗೂ ಬರಬಾರದೇ? ಅವಳ ಮಕ್ಕಳಿಗೆ ಅಂದು ಹಸಿವಾಗದೇ? ಸೋಮವಾರ ಎತ್ತಿಗೆ ತೋರಿದ ದಯೆ ಶುಕ್ರವಾರ ಆಳಿಗೆ ಯಾಕಿಲ್ಲ? ಜಡ್ಡಾದವರನ್ನು 'ಇಂದು ಶನಿವಾರ, ನಾಳೆ ನೋಡೋಣ' ಎಂದು ದವಾಖಾನಿಗೆ ಒಯ್ಯದೆ ಇರುವುದೂ ಇಂಥದೇ ಅಜ್ಞಾನ.

ಭಕ್ತರೇ, ವಾರ ಹಿಡಿಯಿರಿ, ಉಪವಾಸ ಮಾಡಿರಿ, ಒಳ್ಳೆಯದು. ಆದರೆ ದುಡಿದವರ ಕೂಲಿ ಅಂದಂದೇ ಕೊಡಿರಿ. ಕೊಟ್ಟ ದಿನವೇ ಶುಭವಾರ.

ಎಲ್ಲರಿಗೂ ಮಂಗಳವಾಗಲಿ.