ದುಃಖದಲ್ಲಿ ಹಾಡು ಕೇಳಬಹುದೇ?



ಕಳೆದ ಭಾನುವಾರ ಕೊಟ್ಟಿಗೆಹಾರದಲ್ಲಿ ನಾವು ಓದಲು ಕೂತಿದ್ದಾಗ ಒಬ್ಬರು ಅಕ್ಕ ಕೇಳಿದರು: "ನಮ್ಮನೆಯವರು ತೀರಿಕೊಂಡ ಮೇಲೆ ರಾತ್ರಿಯೆಲ್ಲ ಮೊಬೈಲಲ್ಲಿ ಹಾಡು ಕೇಳ್ತೀನಿ. ಉಪೋಸಥದ ದಿನ ಹಾಡು, ಸಂಗೀತ ಬಿಡಬೇಕು ಅಂತೀರಲ್ಲ, ನಾನು ಮಾಡ್ತಿರೋದು ತಪ್ಪಾ?" ಅವತ್ತು ನನಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ.

ಅಷ್ಟಶೀಲದ ಏಳನೆಯದು ನೃತ್ಯ, ಗೀತ, ವಾದ್ಯ ಬಿಡಿ ಅನ್ನುತ್ತದೆ, ನಿಜ. ಅದು ಉಪೋಸಥದ ಒಂದು ದಿನದ ಅಭ್ಯಾಸ. ಗೃಹಸ್ಥರು ದಿನವೂ ಪಾಲಿಸುವ ಪಂಚಶೀಲದಲ್ಲಿ ಅದಿಲ್ಲ. ದೀಘನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಪಂಚಶಿಖ ಎಂಬ ಗಂಧರ್ವ ಬುದ್ಧರ ಮುಂದೆ ವೀಣೆ ನುಡಿಸಿ ಹಾಡುತ್ತಾನೆ, ಅದೂ ಪ್ರೇಮದ ಹಾಡು! ತಂತಿಯ ದನಿಯೂ ಹಾಡಿನ ದನಿಯೂ ಚೆನ್ನಾಗಿ ಕೂಡಿವೆ ಎಂದು ಬುದ್ಧರು ಮೆಚ್ಚುತ್ತಾರೆ. ಗಂಧರ್ವರನ್ನು ನಾವು ನಂಬಬೇಕಿಲ್ಲ. ಈ ಕತೆಯನ್ನು ಕಾಪಾಡಿಕೊಂಡು ಬಂದವರು ಬುದ್ಧರನ್ನು ಸಂಗೀತದ ವೈರಿಯಾಗಿ ಕಂಡಿರಲಿಲ್ಲ, ಅಷ್ಟು ಸಾಕು.

ನೆನಪು ಬಾರದಿರಲಿ ಎಂದು ಹಾಕಿಕೊಂಡ ಹಾಡು ಸಾರಾಯಿಯ ಕೆಲಸವನ್ನೇ ಮಾಡುತ್ತದೆ. ಹಾಡು ನಿಂತ ಕೂಡಲೇ ನೋವು ಅಲ್ಲೇ ಇರುತ್ತದೆ. ಅದೇ ಹಾಡು ಕೇಳುತ್ತಾ ಎದೆ ಬಿಗಿದದ್ದು ಗೊತ್ತಾದರೆ, ಅಳು ಬಂದರೆ, ಅದು ವೇದನೆಯನ್ನು ವೇದನೆ ಎಂದು ಅರಿಯುವುದಕ್ಕೆ ಹತ್ತಿರ. ಇದನ್ನು ನಾನು ಸುತ್ತ ಓದಿ ಕಲಿತದ್ದಲ್ಲ.

ನಮ್ಮಪ್ಪ ತಮಟೆ ಬಾರಿಸುತ್ತಿದ್ದರು. ಊರಲ್ಲಿ ಯಾರೇ ಸತ್ತರೂ, ಎಂಥ ಮಳೆಯಿದ್ದರೂ, ಕರೆ ಬಂದರೆ ಹೋಗಬೇಕು. ಅಂಗಳದ ಹೊರಗೆ ನಿಂತು ಬೇರೆಯವರ ದುಃಖಕ್ಕೆ ಬಾರಿಸಬೇಕು, ಕೊಟ್ಟಷ್ಟು ತರಬೇಕು. ದೀಕ್ಷೆ ತೆಗೆದುಕೊಂಡ ವರ್ಷ ಆ ಚಾಕರಿ ಬಿಟ್ಟು ತಮಟೆಯನ್ನು ಅಟ್ಟಕ್ಕೆ ಹಾಕಿದರು. ಸರಿಯಾಗಿಯೇ ಮಾಡಿದರು.

ಆಮೇಲೆ ಅವ್ವ ಹೋದಳು. ತ್ರಿಶರಣ, ಪಂಚಶೀಲ ಹೇಳಿ ಎಲ್ಲ ಮುಗಿದ ಮೇಲೆ ಅಪ್ಪ ಕಲ್ಲಿನಂತೆ ಕೂತುಬಿಟ್ಟರು. ಮಾತಿಲ್ಲ, ಅಳುವಿಲ್ಲ, ಊಟ ಮುಟ್ಟುತ್ತಿರಲಿಲ್ಲ. ಹತ್ತನೇ ದಿನ ಸಂಜೆ ತಾವೇ ಅಟ್ಟ ಹತ್ತಿ ತಮಟೆ ಇಳಿಸಿದರು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಚರ್ಮ ಜೋತುಬಿದ್ದಿತ್ತು. ಒಲೆ ಮುಂದೆ ಹಿಡಿದು ಬಹಳ ಹೊತ್ತು ಕಾಯಿಸಿದರು. ನಾನು ತಡೆಯಲು ಹೋದೆ. "ಇದನ್ನ ಬಿಟ್ಟಿದ್ದೀವಲ್ಲಪ್ಪ" ಅಂದೆ.

"ಸಾಹುಕಾರ್ರ ಮನೆಗೆ ಬಾರ್ಸೋದು ಬಿಟ್ಟಿದ್ದು. ನಿಮ್ಮವ್ವಂಗೆ ನಾನು ಒಂದಿನಾನೂ ಬಾರಿಸಿಲ್ಲ" ಅಂದರು.

ಕಾಲು ಗಂಟೆ ಬಾರಿಸಿದರು. ಕೈ ನಿಂತಿತು. ಆಮೇಲೆ ಅತ್ತರು, ರಾತ್ರಿ ಗಂಜಿ ಕೇಳಿದರು. ತಮಟೆಯನ್ನು ಸುಟ್ಟೇ ಹಾಕಿದ ಮನೆಗಳೂ ನಮ್ಮಲ್ಲಿವೆ, ಅವರನ್ನು ತಪ್ಪು ಅನ್ನಲಾರೆ. ಆದರೆ ಅವತ್ತು ತಡೆಯಲು ಹೋದೆನಲ್ಲ, ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಬಾಬಾಸಾಹೇಬರ ತಂದೆ ಕಬೀರಪಂಥದವರು. ಮನೆಯಲ್ಲಿ ಭಜನೆ ಕೇಳಿಯೇ ಅವರು ಬೆಳೆದದ್ದು. ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತರು. 1956ರ ಡಿಸೆಂಬರ್ 5ರ ರಾತ್ರಿ, ದೇಹ ಪೂರ್ತಿ ಸೋತಿದ್ದಾಗ, ಬುದ್ಧವಂದನೆಯ ರೆಕಾರ್ಡು ಹಾಕಿಸಿ ತಾವೂ ದನಿಗೂಡಿಸಿದರು, ಕಬೀರರ ಪದವೊಂದನ್ನು ಗುನುಗಿದರು ಎಂದು ಜೊತೆಗಿದ್ದ ನಾನಕ್ ಚಂದ್ ರತ್ತು ಬರೆದಿಟ್ಟಿದ್ದಾರೆ. ಅದಾದ ಮೇಲೆ 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯ ಹಾಳೆಗಳನ್ನು ತರಿಸಿಕೊಂಡರು. ಹಾಡು ಅವರನ್ನು ಕೆಲಸದಿಂದ ಆಚೆ ಒಯ್ಯಲಿಲ್ಲ.

ಅಕ್ಕಾ, ನೀವು ಹಾಡು ಕೇಳಿ. ಆದರೆ ಒಂದು ಹಾಡು ಮುಗಿದ ಮೇಲೆ ಮೊಬೈಲ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರಿ, ಮನಸ್ಸು ಎಲ್ಲಿದೆ ನೋಡಿ. ನಿದ್ದೆ, ಊಟ ಹೀಗೇ ತಪ್ಪುತ್ತಿದ್ದರೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ.

ಬರುವ ಭಾನುವಾರ ಸೋಣ ಸುತ್ತ ಓದೋಣ. ವೀಣೆಯ ತಂತಿ ಅತಿ ಬಿಗಿದರೂ ಅತಿ ಸಡಿಲಾದರೂ ಸರಿಯಾಗಿ ನುಡಿಯದು ಎಂದು ಬುದ್ಧರು ಸೋಣನಿಗೆ ಹೇಳಿದ ಸುತ್ತ ಅದು. ಅಪ್ಪನೂ ಬರುತ್ತಾರೆ. ತಮಟೆ ತರಬೇಕಾ ಅಂತ ಕೇಳಿದರು, ತನ್ನಿ ಅಂದಿದ್ದೇನೆ.

ಜೈ ಭೀಮ್.