ಕುರುಹಿನ ಓದು, ಅರಿವಿನ ಓದು

ವಿದ್ಯೆಯನ್ನು ಸಂಪಾದಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಬಾಲ್ಯದ ವಿದ್ಯಾಭ್ಯಾಸವು ಒಂದು ತೆರ. ಗೃಹಸ್ಥನಾದ ಮೇಲಣ ವಿದ್ಯಾಭ್ಯಾಸವು ಇನ್ನೊಂದು ತೆರ. ಬಾಲಕನ ಹೊತ್ತು ಅವನದೇ ಆಗಿರುತ್ತದೆ. ಅದನ್ನು ಅವನು ಓದಿಗೆ ಕೊಟ್ಟರೆ ಮತ್ತಾರಿಗೂ ನಷ್ಟವಿಲ್ಲ. ಗೃಹಸ್ಥನ ಹೊತ್ತಾದರೋ ಹಲವರಿಗೆ ಸಲ್ಲಬೇಕಾದುದು. ಅಂತಹವನು ಕಠಿಣವಾದ ಪರೀಕ್ಷೆಯೊಂದಕ್ಕೆ ಸಿದ್ಧನಾಗಲು ಹೊರಟಾಗ ಎರಡು ಪ್ರಶ್ನೆಗಳು ಏಳುತ್ತವೆ. ಓದುವ ಹೊತ್ತನ್ನು ಅವನು ಯಾರ ಪಾಲಿನಿಂದ ತೆಗೆದುಕೊಳ್ಳುತ್ತಾನೆ? ಓದಿನ ಕೊನೆಯಲ್ಲಿ ಅವನು ಪಡೆಯಬಯಸುವುದು ಅರಿವನ್ನೋ, ಅರಿವಿನ ಕುರುಹನ್ನೋ? ಶರಣರು ಅರಿವು ಕುರುಹುಗಳ ವಿಚಾರವನ್ನು ಮಾಡಿದುದು ಪರಮಾರ್ಥದ ವಿಷಯದಲ್ಲಿ. ಆದರೂ ಆ ಅಳತೆಗೋಲು ಲೌಕಿಕ ವಿದ್ಯೆಗೂ ಸಲ್ಲುವುದೆಂಬುದನ್ನು ಒಂದು ದೃಷ್ಟಾಂತದಿಂದ ನೋಡೋಣ.

ಬೆಂಗಳೂರಿನ ಹೊರವಲಯವನ್ನು ವಾಚಕರು ಬಲ್ಲರು. ಪೀಣ್ಯದಲ್ಲಿ 1970ರ ದಶಕದಿಂದ ಬೆಳೆದ ಯಂತ್ರಾಗಾರಗಳ ಸಾಲು. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಆರ್.ಕೆ. ಬಾಳಿಗರು ಕನಸು ಕಂಡು ಕಟ್ಟಿಸಿದ ಎಲೆಕ್ಟ್ರಾನಿಕ್ ಸಿಟಿ. 1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸತಿಯಾಗಿ ಮೊದಲಾಗಿ ಇಂದು ಗಾಜಿನ ಸೌಧಗಳಿಂದ ತುಂಬಿರುವ ವೈಟ್‌ಫೀಲ್ಡ್. ಈ ಮೂರು ಕಡೆಗಳಲ್ಲಿಯೂ ಕಣ್ಣಿಗೆ ಬೀಳದ ಒಂದು ಕಾಯಕವು ಹಗಲಿರುಳು ನಡೆಯುತ್ತಿರುತ್ತದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಜಾಲವನ್ನು, ಅಂದರೆ ನೆಟ್‌ವರ್ಕನ್ನು, ಕಾಯುವುದೇ ಆ ಕಾಯಕ. ಜಾಲವು ನಿಂತರೆ ಕಾರ್ಖಾನೆಯ ಲೆಕ್ಕ ನಿಲ್ಲುತ್ತದೆ, ಬ್ಯಾಂಕಿನ ಹಣ ನಿಲ್ಲುತ್ತದೆ, ಆಸ್ಪತ್ರೆಯ ವರದಿ ನಿಲ್ಲುತ್ತದೆ. ಸರಿಯಾಗಿ ನಡೆಯುವಾಗ ಅದನ್ನು ಕಾಯುವವರನ್ನು ಯಾರೂ ನೆನೆಯುವುದಿಲ್ಲ.

ಈ ಕಾಯಕದವರಲ್ಲಿ ಹಿರಿದೆನಿಸಿದ ಪರೀಕ್ಷೆಯೊಂದುಂಟು; ಅದರ ಹೆಸರು ಸಿ.ಸಿ.ಐ.ಇ. ಅಮೆರಿಕದ ಸಿಸ್ಕೋ ಸಂಸ್ಥೆಯು ಇದನ್ನು 1993ರಲ್ಲಿ ಆರಂಭಿಸಿತು. 2001ರವರೆಗೆ ಇದರ ಪ್ರಯೋಗ ಪರೀಕ್ಷೆಯು ಎರಡು ದಿನ ನಡೆಯುತ್ತಿತ್ತು. ಅಭ್ಯರ್ಥಿಯು ಒಂದು ಜಾಲವನ್ನು ಕಟ್ಟಬೇಕು. ಅವನು ಊಟಕ್ಕೆ ಹೋದಾಗ ಪರೀಕ್ಷಕನು ಅದರಲ್ಲಿ ದೋಷಗಳನ್ನು ಹುಟ್ಟಿಸಿಡುವನು. ಹಿಂದಿರುಗಿದ ಅಭ್ಯರ್ಥಿಯು ಅವನ್ನು ಹುಡುಕಿ ಸರಿಪಡಿಸಬೇಕು. ಈಗ ಪ್ರಯೋಗ ಪರೀಕ್ಷೆಯು ಒಂದೇ ದಿನದ್ದು, ಎಂಟು ಗಂಟೆಗಳದು. 2020ರ ಫೆಬ್ರವರಿಯಲ್ಲಿ ಬಂದ ಕ್ರಮದಂತೆ ಮೊದಲು ಎರಡು ಗಂಟೆಗಳ ಅರ್ಹತಾ ಪರೀಕ್ಷೆ. ಅದಾದ ಮೇಲೆ, ಪ್ರಯೋಗದ ದಿನ, ಮೂರು ಗಂಟೆ ಜಾಲದ ವಿನ್ಯಾಸ, ಐದು ಗಂಟೆ ಅದನ್ನು ಕಟ್ಟಿ ನಡೆಸಿ ತಿದ್ದುವ ಕೆಲಸ. ಪ್ರಯೋಗದ ಶುಲ್ಕವು ಸಾವಿರ ಡಾಲರುಗಳನ್ನು ಮೀರಿದುದು. ಬೆಂಗಳೂರಿನಲ್ಲಿಯೇ ಇದರ ಕೇಂದ್ರವಿರುವುದರಿಂದ ನಮ್ಮವರು ಕಡಲು ದಾಟಬೇಕಾಗಿಲ್ಲ. ತೇರ್ಗಡೆಯಾದವನಿಗೆ ಒಂದು ಸಂಖ್ಯೆ ದೊರೆಯುತ್ತದೆ. ಆ ಸಂಖ್ಯೆಯೇ ಕುರುಹು.

ಇದಕ್ಕೆ ಸಿದ್ಧನಾಗುವ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳೋಣ. ಅವನು ಪೀಣ್ಯದ ಕಾರ್ಖಾನೆಯೊಂದರ ಜಾಲವನ್ನು ಕಾಯುವವನು. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಮಗು, ಊರಿನಿಂದ ಬಂದಿರುವ ವೃದ್ಧ ತಾಯಿ. ಬೆಳಗಿನ ಜಾವ ನಾಲ್ಕಕ್ಕೆದ್ದು ಎರಡು ಗಂಟೆ ಓದುತ್ತಾನೆ. ಮೆಟ್ರೋ ರೈಲಿನಲ್ಲಿ ನಿಂತು ಓದುತ್ತಾನೆ. ರವಿವಾರದ ದಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಾನೆ. ಹೀಗೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಕಳೆಯುತ್ತದೆ. ಅವನ ಸ್ಥಾನದಲ್ಲಿ ಗೃಹಿಣಿಯೊಬ್ಬಳಿದ್ದರೆ ಭಾರವು ಇಮ್ಮಡಿ. ಅಡುಗೆಮನೆಯು ಅವಳಿಗೆ ರಜೆ ಕೊಡುವುದಿಲ್ಲ.

ಅವನು ತನ್ನ ನಿದ್ರೆಯಿಂದ ತೆಗೆದುಕೊಂಡ ಹೊತ್ತು ಅವನದೇ. ದೇಹವು ಸಹಿಸುವಷ್ಟು ತೆಗೆದುಕೊಳ್ಳಲಿ. ಕಾಯಕದ ಹೊತ್ತಿನಿಂದ, ಧಣಿಗೆ ತಿಳಿಯದಂತೆ ತೆಗೆದುಕೊಂಡರೆ ಅದು ಕಳವು. ಕಾರ್ಖಾನೆಯ ನಡೆಯುತ್ತಿರುವ ಜಾಲದ ಮೇಲೆಯೇ ತನ್ನ ಅಭ್ಯಾಸದ ಪ್ರಯೋಗವನ್ನು ಮಾಡಿದರಂತೂ ಅದು ಕಳವಿಗಿಂತ ಹೆಚ್ಚಿನ ಅಪರಾಧ; ಒಬ್ಬನ ಕಲಿಕೆಗಾಗಿ ನೂರು ಜನರ ಕೆಲಸವನ್ನು ಪಣಕ್ಕೊಡ್ಡಿದಂತೆ. ಜಿ.ಎನ್.ಎಸ್.3, ಈವ್-ಎನ್.ಜಿ. ಮೊದಲಾದ ಸಾಧನಗಳಿಂದ ಮನೆಯ ಕಂಪ್ಯೂಟರಿನಲ್ಲಿಯೇ ಹತ್ತಾರು ರೂಟರುಗಳ ಜಾಲವನ್ನು ಕಟ್ಟಿ ಕೆಡಿಸಿ ಕಲಿಯಲು ಸಾಧ್ಯವಿರುವಾಗ ಇದಕ್ಕೆ ನೆಪವೂ ಇಲ್ಲ.

ಇನ್ನು ಮನೆಯವರ ಪಾಲಿನ ಹೊತ್ತು. ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯು ನೆನಪಿಗೆ ಬರುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ಧನಾಶೆಯ ನಿಷೇಧವೆಂದು ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ಮಾತೂ ಅಡಗಿದೆ: ಎಷ್ಟು ಸಾಕೆಂಬುದನ್ನು ಕಾಯಕ ಮಾಡುವವನೊಬ್ಬನೇ ನಿಶ್ಚಯಿಸಲಿಲ್ಲ, ಮನೆಯಲ್ಲಿದ್ದವಳು ನಿಶ್ಚಯಿಸಿದಳು, ಅವನು ಕೇಳಿದನು. ನಮ್ಮ ಗೃಹಸ್ಥನೂ ಹೀಗೆಯೇ ಕೇಳತಕ್ಕದ್ದು. “ಒಂದು ವರ್ಷ ರವಿವಾರಗಳನ್ನು ನನಗೆ ಬಿಟ್ಟುಕೊಡುವೆಯಾ?” ಎಂದು ಹೆಂಡತಿಯನ್ನು ಮೊದಲೇ ಕೇಳಿದರೆ ಅದು ಆಕೆ ಕೊಟ್ಟ ದಾನವಾಗುತ್ತದೆ, ಕೇಳದೆ ತೆಗೆದುಕೊಂಡರೆ ಅಪಹರಣವಾಗುತ್ತದೆ. “ಓದಿರಿ, ಬೇಡವೆನ್ನುವುದಿಲ್ಲ, ಆದರೆ ರಾತ್ರಿಯ ಊಟಕ್ಕೆ ಮಗುವಿನ ಜೊತೆ ಕುಳಿತುಕೊಳ್ಳಿರಿ” ಎಂದು ಆಕೆ ಒಂದು ಗೆರೆ ಎಳೆದರೆ, ಆ ಗೆರೆಯನ್ನು ಅವನು ಗೌರವಿಸಬೇಕು. ಪರೀಕ್ಷೆಯು ಮುಂದಿನ ವರ್ಷವೂ ಬರುತ್ತದೆ. ಮಗುವಿನ ಈ ವರ್ಷವು ಮತ್ತೆ ಬಾರದು.

ಎರಡನೆಯ ಪ್ರಶ್ನೆಯು ಇದಕ್ಕಿಂತ ಸೂಕ್ಷ್ಮವಾದುದು. ದಣಿದ ಗೃಹಸ್ಥನ ಬಳಿಗೆ ಮಿತ್ರನೊಬ್ಬನು ಬರುತ್ತಾನೆ. ಹಿಂದೆ ಪರೀಕ್ಷೆಗೆ ಕುಳಿತವರು ಕದ್ದು ಹೊರತಂದ ಪ್ರಶ್ನೆಗಳೂ ಉತ್ತರಗಳೂ ಹಣಕ್ಕೆ ದೊರೆಯುತ್ತವೆ. ಆ ಕಸುಬಿನವರು ಇದನ್ನು ಡಂಪ್ ಎನ್ನುತ್ತಾರೆ. “ಎರಡು ವರ್ಷ ಏಕೆ ಸೊರಗುವೆ? ಇದನ್ನು ಎರಡು ತಿಂಗಳು ಉರು ಹೊಡೆ. ಮನೆಯವರಿಗೂ ಹೊತ್ತು ಉಳಿಯುತ್ತದೆ, ಸಂಬಳವೂ ಏರುತ್ತದೆ” ಎನ್ನುತ್ತಾನೆ ಮಿತ್ರ. ಈ ವಾದವನ್ನು ಲಘುವಾಗಿ ಕಾಣಬಾರದು. ಮನೆಯವರ ಮೇಲಣ ಪ್ರೀತಿಯೇ ಇಲ್ಲಿ ಪ್ರಲೋಭನೆಯ ವೇಷವನ್ನು ತೊಟ್ಟು ಬಂದಿದೆ.

ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಪ್ರತಿಯೊಬ್ಬ ಅಭ್ಯರ್ಥಿಯೂ ಒಪ್ಪಿಕೊಂಡಿರುತ್ತಾನೆ. ಆದುದರಿಂದ ಆ ಸರಕು ಮಾತು ತಪ್ಪಿದವರಿಂದ ಬಂದುದು, ಅದನ್ನು ಕೊಂಡವನು ಆ ತಪ್ಪಿನಲ್ಲಿ ಪಾಲುಗಾರ. ಇಷ್ಟೇ ಸಾಕಾಗಿತ್ತು. ಆದರೆ ಇನ್ನೂ ಆಳವಾದ ದೋಷವೊಂದಿದೆ. ಅದನ್ನು ಅದೇ ಕಸುಬಿನ ಉದಾಹರಣೆಯಿಂದ ಹೇಳುವುದು ಲೇಸು.

ರೂಟರ್ ಎಂಬುದು ಸಂದೇಶಗಳಿಗೆ ದಾರಿ ತೋರುವ ಯಂತ್ರ. ಒ.ಎಸ್.ಪಿ.ಎಫ್. ಎಂಬ ನಿಯಮದಂತೆ ನಡೆಯುವ ಎರಡು ರೂಟರುಗಳು ಸಾಮಾನ್ಯವಾಗಿ ಹತ್ತು ಸೆಕೆಂಡಿಗೊಮ್ಮೆ ಒಂದಕ್ಕೊಂದು ಕ್ಷೇಮಸೂಚನೆಯನ್ನು ಕಳುಹಿಸುತ್ತವೆ. ನಲವತ್ತು ಸೆಕೆಂಡು ಸೂಚನೆ ಬಾರದಿದ್ದರೆ ನೆರೆಯದು ಇಲ್ಲವಾಯಿತೆಂದು ತಿಳಿಯುತ್ತವೆ. ಕೆಲವೊಮ್ಮೆ ಕ್ಷೇಮಸೂಚನೆಗಳು ಸರಿಯಾಗಿ ಬರುತ್ತಿದ್ದರೂ ದಾರಿಗಳ ವಿವರವನ್ನು ಹಂಚಿಕೊಳ್ಳುವ ಹಂತದಲ್ಲಿ ಎರಡೂ ನಿಂತುಬಿಡುತ್ತವೆ. ಒಂದು ರೂಟರ್ 1500 ಬೈಟುಗಳ ಪೊಟ್ಟಣವನ್ನು ಒಪ್ಪುವುದೆಂದೂ ಇನ್ನೊಂದು 1400ನ್ನು ಮಾತ್ರ ಒಪ್ಪುವುದೆಂದೂ ಗೊತ್ತುಪಡಿಸಿದ್ದರೆ ಹೀಗಾಗುತ್ತದೆ. ಚಿಕ್ಕದಾದ ಕ್ಷೇಮಸೂಚನೆಗೆ ತಡೆಯಿಲ್ಲ. ವಿವರವನ್ನು ಹಂಚಿಕೊಳ್ಳಲು ಹೊರಟಾಗ ಹಿರಿಯ ಅಳತೆಯನ್ನು ಕಿರಿಯದು ನಿರಾಕರಿಸುತ್ತದೆ. ಉರು ಹೊಡೆದವನು ಇದರ ಉತ್ತರವನ್ನು ಪರೀಕ್ಷೆಯಲ್ಲಿ ಬರೆಯಬಲ್ಲನು. ಆದರೆ ರಾತ್ರಿ ಎರಡು ಗಂಟೆಗೆ, ಬೇರೆ ಅಳತೆ, ಬೇರೆ ಯಂತ್ರ, ಬೇರೆ ಲಕ್ಷಣಗಳೊಡನೆ ಅದೇ ದೋಷವು ಎದುರು ನಿಂತಾಗ ಅವನಿಗೆ ಅದರ ಗುರುತು ಸಿಗುವುದಿಲ್ಲ. ಕಾರಣವನ್ನು ಅರಿತವನಿಗಾದರೋ ಅದು ಹಳೆಯ ಪರಿಚಯದವರ ಮುಖದಂತೆ ಕಾಣುತ್ತದೆ.

ಅರಿಯದವನ ಕೈಯಲ್ಲಿನ ಕುರುಹು ಅವನೊಬ್ಬನಿಗೇ ಕೇಡಾದರೆ ಚಿಂತೆಯಿಲ್ಲ. ಜಾಲಕ್ಕೆ ಗಡಿಯಿಲ್ಲವಾದುದರಿಂದ ಕೇಡಿಗೂ ಗಡಿಯಿಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯು ಯೂಟ್ಯೂಬನ್ನು ತನ್ನ ದೇಶದೊಳಗೆ ತಡೆಯಲು ಹೊರಟು, ತಪ್ಪು ದಾರಿಯೊಂದನ್ನು ಹೊರಜಗತ್ತಿಗೂ ಸಾರಿಬಿಟ್ಟಿತು; ಸುಮಾರು ಎರಡು ಗಂಟೆಗಳ ಕಾಲ ಲೋಕದ ಬಹುಭಾಗಕ್ಕೆ ಅದು ದೊರೆಯದಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯಲ್ಲಿ ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ವಾಟ್ಸಾಪ್ ಮೊದಲಾದುವೆಲ್ಲ ಸುಮಾರು ಆರು ಗಂಟೆ ಸ್ತಬ್ಧವಾದವು. ಇವರು ಉರು ಹೊಡೆದು ತೇರ್ಗಡೆಯಾದವರೆಂದು ಹೇಳಲು ಯಾವ ಆಧಾರವೂ ಇಲ್ಲ, ಬಲ್ಲವರೂ ತಪ್ಪುತ್ತಾರೆ. ಬಲ್ಲವರೇ ತಪ್ಪುವ ಕ್ಷೇತ್ರದಲ್ಲಿ ಬಲ್ಲವನಂತೆ ನಟಿಸುವುದು ಎಂತಹ ಸಾಹಸವೆಂಬುದನ್ನು ವಾಚಕರೇ ಊಹಿಸಬಹುದು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಸಂಬಳದ ಏರಿಕೆಗಾಗಿ ಓದುವುದೇ ಒಂದು ಆಶೆಯಲ್ಲವೇ? ಅದಕ್ಕೆ ಶರಣರ ಮಾತನ್ನೇಕೆ ಜೋಡಿಸಬೇಕು? ಉತ್ತರವೇನೆಂದರೆ, ಶರಣರು ಕಾಯಕಕ್ಕೆ ಪ್ರತಿಫಲವನ್ನು ಬೇಡವೆನ್ನಲಿಲ್ಲ. ಅದು ಸತ್ಯಶುದ್ಧವಾಗಿರಬೇಕೆಂದರು, ಅದರಿಂದ ದಾಸೋಹ ನಡೆಯಬೇಕೆಂದರು. ತಾಯಿಯ ಔಷಧಕ್ಕೂ ಮಗುವಿನ ಶಾಲೆಗೂ ಬೇಕಾದ ಹಣವನ್ನು ಹೆಚ್ಚಿನ ಕೌಶಲದಿಂದ ಗಳಿಸುವುದು ದೋಷವಲ್ಲ. ಇಲ್ಲದ ಕೌಶಲವನ್ನು ಇದೆಯೆಂದು ತೋರಿಸಿ ಗಳಿಸುವುದು ದೋಷ. ಹಾಗೆ ಬಂದ ಸಂಬಳದಲ್ಲಿ ಪ್ರತಿ ತಿಂಗಳೂ ಒಂದು ಸುಳ್ಳಿನ ಬೆಲೆ ಸೇರಿರುತ್ತದೆ. ಅದನ್ನು ಉಣ್ಣುವವರು ಯಾರಿಗಾಗಿ ಅವನು ಅಡ್ಡದಾರಿ ಹಿಡಿದನೋ ಆ ಮನೆಯವರೇ.

ದಾಸೋಹವು ಅನ್ನದಿಂದ ಮಾತ್ರ ಆಗುವುದಲ್ಲ. ತಾನು ಎರಡು ವರ್ಷದಲ್ಲಿ ಕಲಿತುದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಹಳ್ಳಿಯ ಹುಡುಗನಿಗೆ, ಇಂಗ್ಲಿಷಿನ ಪುಸ್ತಕದ ಮುಂದೆ ತಡವರಿಸುವವನಿಗೆ, ಕನ್ನಡದಲ್ಲಿ ಬಿಡಿಸಿ ಹೇಳುವುದೂ ದಾಸೋಹವೇ. ಉರು ಹೊಡೆದವನು ಇದನ್ನು ಮಾಡಲಾರನು. ಅವನಲ್ಲಿ ಹಂಚಲು ಏನೂ ಇರುವುದಿಲ್ಲ. ಅರಿತವನಾದರೋ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣನಾದರೂ ಹಂಚಬಲ್ಲನು. ಮೊದಲ ಪ್ರಯತ್ನದಲ್ಲಿ ತೇರ್ಗಡೆಯಾಗದವರು ಈ ಪರೀಕ್ಷೆಯಲ್ಲಿ ಬಹುಮಂದಿ. ಅದರಲ್ಲಿ ಲಜ್ಜೆಯೇನೂ ಇಲ್ಲ.

ಆ ಕುರುಹಿಗೂ ಆಯುಷ್ಯ ಮೂರೇ ವರ್ಷ. ಅಷ್ಟರೊಳಗೆ ಮತ್ತೆ ಓದಿ ನವೀಕರಿಸದಿದ್ದರೆ ಅದು ಸಲ್ಲದು. ಪರೀಕ್ಷೆಯನ್ನು ಏರ್ಪಡಿಸಿದವರೇ ಕುರುಹು ತಾನಾಗಿ ನಿಲ್ಲದೆಂದು ಒಪ್ಪಿದ್ದಾರೆ. ಆದುದರಿಂದ ಹೊರವಲಯದ ಮನೆಗಳಲ್ಲಿ ಬೆಳಗಿನ ಜಾವಕ್ಕೆ ದೀಪ ಹಚ್ಚಿ ಓದುವ ಸೋದರ ಸೋದರಿಯರಲ್ಲಿ ನಮ್ಮ ವಿನಂತಿಯಿಷ್ಟೆ: ಹೊತ್ತನ್ನು ಕೇಳಿ ಪಡೆಯಿರಿ, ಕಾರಣವನ್ನು ಅರಿಯುವವರೆಗೆ ಓದಿರಿ, ಅರಿತುದನ್ನು ಹಂಚಿರಿ. ಕುರುಹು ಬಂದರೆ ಸಂತೋಷ. ಬಾರದಿದ್ದರೂ ನಿಮ್ಮ ಕೈಯ ಕಾಯಕವು ನಿನ್ನೆಗಿಂತ ಇಂದು ಶುದ್ಧವಾಗಿರುತ್ತದೆ.